ಹಂಚಿಕೊಂಡ ಡಿಸ್ಕಿನಿಂದ ಅಳಿಸಿದ ಕಡತ ಎಲ್ಲಿಗೆ ಹೋಗುತ್ತದೆ: ಐದು ವರ್ಷಗಳ ಬಳಕೆಯ ನಂತರ

ಕೆಲಸವಿಲ್ಲದೆ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿನ ಎರಡು ಹಾರ್ಡ್ ಡಿಸ್ಕುಗಳನ್ನು ಮನೆಯ ನೆಟ್‌ವರ್ಕಿನಲ್ಲಿ ಹಂಚಿ, ಎಲ್ಲರ ಕಡತಗಳನ್ನೂ ಅಲ್ಲಿಯೇ ಇಡಲು ಆರಂಭಿಸಿ ಐದು ವರ್ಷಗಳಾದವು. ಇದಕ್ಕೆಂದೇ ಸಿಗುವ ಪ್ರತ್ಯೇಕ ಸಂಗ್ರಹ ಪೆಟ್ಟಿಗೆಯನ್ನು ಕೊಳ್ಳುವಷ್ಟು ಹಣ ಆಗ ನನ್ನ ಬಳಿ ಇರಲಿಲ್ಲ. ಇರುವ ಯಂತ್ರವನ್ನೇ ಕೊನೆಯವರೆಗೂ ದುಡಿಸಿಕೊಳ್ಳುವುದು ನನಗೆ ಒಗ್ಗಿದ ದಾರಿಯೂ ಹೌದು. ಮೊದಲ ಮೂರು ವರ್ಷ ಯಂತ್ರದ ಜೊತೆಗೇ ಬಂದಿದ್ದ ಹಂಚಿಕೆ ಸೌಲಭ್ಯವನ್ನು ಬಳಸಿದೆ, ನಂತರದ ಎರಡು ವರ್ಷ ಲಿನಕ್ಸ್ ಹಾಕಿ, ನೆಟ್‌ವರ್ಕಿನಲ್ಲಿ ಕಡತಗಳನ್ನು ಹಂಚುವ ಸಾಂಬಾ ಎಂಬ ತಂತ್ರಾಂಶವನ್ನು ಬಳಸುತ್ತಿದ್ದೇನೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಿಗುತ್ತದೆ, ವೈಫೈನಲ್ಲಿ ಅದಕ್ಕಿಂತ ಬಹಳ ಕಡಿಮೆ. ನನಗೆ ಪ್ರಿಯವಾದದ್ದು ರಾತ್ರಿಯ ಒಂದು ಅಭ್ಯಾಸ. ದಿನದ ಕರಡು ತಿದ್ದುವ ಕೆಲಸ ಮುಗಿದ ಮೇಲೆ ಆ ದಿನದ ಕಡತಗಳನ್ನು ಹಂಚಿಕೆಯ ಫೋಲ್ಡರಿಗೆ ಎಳೆದು ಬಿಡುತ್ತೇನೆ. ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಪಕ್ಕದ ಕೋಣೆಯಲ್ಲಿ ನಿದ್ದೆಗೆ ಜಾರಿದ್ದ ಡಿಸ್ಕು ಸಣ್ಣಗೆ ಗುಂಯ್‌ಗುಟ್ಟುತ್ತಾ ತಿರುಗಲು ಆರಂಭಿಸುತ್ತದೆ, ಪರದೆಯ ಮೇಲೆ ಹಸಿರು ಪಟ್ಟಿ ತುಂಬುತ್ತದೆ. ಆ ಸದ್ದು ಕೇಳಿದ ಮೇಲೆಯೇ ನಾನು ಲ್ಯಾಪ್‌ಟಾಪ್ ಮುಚ್ಚುವುದು.

ಆದರೆ ಮೂರನೆಯ ವರ್ಷ ನಡೆದ ಒಂದು ಸಂಗತಿ ಈ ನೆಮ್ಮದಿಯನ್ನು ಕೆಡಿಸಿತು. ಅಮ್ಮನ ಕೈಬರಹದ ನೋಟ್‌ಬುಕ್ಕನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದ ಫೋಲ್ಡರನ್ನು, ಅದರ ಮತ್ತೊಂದು ಪ್ರತಿ ಇದೆಯೆಂದು ತಪ್ಪು ತಿಳಿದು, ಲ್ಯಾಪ್‌ಟಾಪಿನಿಂದಲೇ ಅಳಿಸಿದೆ. ಮರುದಿನ ತಪ್ಪು ಅರಿವಾಗಿ ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನು ತೆರೆದರೆ ಅದು ಖಾಲಿ; ಡೆಸ್ಕ್‌ಟಾಪಿನ ಕಸದ ಬುಟ್ಟಿಯೂ ಖಾಲಿ. ನೆಟ್‌ವರ್ಕಿನ ಮೂಲಕ ಅಳಿಸಿದ್ದು ಬುಟ್ಟಿಗೆ ಹೋಗುವುದೇ ಇಲ್ಲವೆಂಬುದು ನನಗೆ ತಿಳಿದದ್ದು ಆಗ. ನಮ್ಮ ಕಂಪ್ಯೂಟರಿನಲ್ಲಿಯೇ ಇರುವ ಡಿಸ್ಕಿನಿಂದ ಅಳಿಸಿದಾಗ ಕಡತವು ನಿಜಕ್ಕೂ ಅದೇ ಡಿಸ್ಕಿನ ಅಡಗಿದ ಫೋಲ್ಡರೊಂದಕ್ಕೆ ಸರಿಯುತ್ತದೆ, ಅಷ್ಟೆ. ಹಂಚಿಕೊಂಡ ಡಿಸ್ಕಿಗಾದರೋ ‘ಅಳಿಸು’ ಎಂಬ ಕೋರಿಕೆ ಮಾತ್ರ ಹೋಗುತ್ತದೆ, ಆ ಕಡೆಯ ಯಂತ್ರ ಅದನ್ನು ಹಾಗೆಯೇ ನೆರವೇರಿಸುತ್ತದೆ. ‘ಶಾಶ್ವತವಾಗಿ ಅಳಿಸಬೇಕೇ’ ಎಂದು ಒಂದು ಚೌಕ ಕೇಳಿತ್ತು, ನಿಜ. ಆದರೆ ದಿನವೂ ಕಾಣುವ ಚೌಕದಂತೆಯೇ ಇದ್ದುದರಿಂದ ಓದುವ ಮೊದಲೇ ಬೆರಳು ಎಂಟರ್ ಒತ್ತಿಯಾಗಿತ್ತು. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶವನ್ನೂ ಓಡಿಸಿ ನೋಡಿದೆ. ಅಷ್ಟರಲ್ಲಿ ಮನೆಯ ಉಳಿದ ಕಂಪ್ಯೂಟರುಗಳು ಅದೇ ಡಿಸ್ಕಿಗೆ ರಾತ್ರಿಯಿಡೀ ಬರೆದಿದ್ದರಿಂದ ಹನ್ನೊಂದು ಪುಟಗಳಷ್ಟೇ ದೊರೆತವು. ಮೂಲ ನೋಟ್‌ಬುಕ್ಕನ್ನು ಅಕ್ಕನ ಮನೆಯಿಂದ ತರಿಸಿ ಮತ್ತೆ ಸ್ಕ್ಯಾನ್ ಮಾಡುವ ವೇಳೆಗೆ ಹಲವು ಪುಟಗಳ ಅಂಚು ಪುಡಿಯಾಗಿ, ಸಾಲುಗಳ ಕೊನೆಯ ಪದಗಳು ಹೋಗಿದ್ದವು.

ಸಾಂಬಾಕ್ಕೆ ಬದಲಾಯಿಸಿದ್ದು ಈ ಕಾರಣಕ್ಕೆ. ಆಂಡ್ರ್ಯೂ ಟ್ರಿಡ್ಜೆಲ್ ಅವರು 1992ರಲ್ಲಿ ಮೊದಲು ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶವು ಕಡತ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಸಂವಹನ ಭಾಷೆಯಲ್ಲಿಯೇ ಮಾತನಾಡುವುದರಿಂದ, ಮನೆಯ ಯಾವ ಕಂಪ್ಯೂಟರಿನಲ್ಲಿಯೂ ಹೊಸದಾಗಿ ಏನನ್ನೂ ಹಾಕಬೇಕಾಗಲಿಲ್ಲ. ಅದರಲ್ಲಿ ‘ರೀಸೈಕಲ್’ ಎಂಬ ಮಾಡ್ಯೂಲ್ ಇದೆ. ಹಂಚಿಕೆಯ ಸೆಟ್ಟಿಂಗ್ ಕಡತದಲ್ಲಿ ಮೂರು ನಾಲ್ಕು ಸಾಲು ಸೇರಿಸಿದರೆ, ನೆಟ್‌ವರ್ಕಿನಿಂದ ಬಂದ ಅಳಿಸುವ ಕೋರಿಕೆಯನ್ನು ಅದು ನಡುವೆಯೇ ತಡೆದು, ಕಡತವನ್ನು ನಾವು ಹೇಳಿದ ಫೋಲ್ಡರಿಗೆ ಸರಿಸುತ್ತದೆ. ‘ಕೀಪ್‌ಟ್ರೀ’ ಎಂಬ ಆಯ್ಕೆಯನ್ನು ತಪ್ಪದೆ ಹಾಕಿರಿ; ಕಡತ ಯಾವ ಫೋಲ್ಡರಿನೊಳಗೆ ಇತ್ತೋ ಅದೇ ವಿನ್ಯಾಸದಲ್ಲಿ ಬುಟ್ಟಿಯಲ್ಲಿಯೂ ಕಾಣುತ್ತದೆ. ‘ವರ್ಷನ್ಸ್’ ಹಾಕಿದರೆ ಒಂದೇ ಹೆಸರಿನ ಕಡತಗಳು ಒಂದನ್ನೊಂದು ನುಂಗುವುದಿಲ್ಲ. ಎಲ್ಲವನ್ನೂ ಹೊಂದಿಸಿ, ಪರೀಕ್ಷೆಗೆಂದು ಒಂದು ಚಿತ್ರವನ್ನು ಅಳಿಸಿ, ಅದು ಬುಟ್ಟಿಯ ಫೋಲ್ಡರಿನಲ್ಲಿ ಕಾಣಿಸಿಕೊಂಡಾಗ ನನಗಾದ ಸಮಾಧಾನ ದೊಡ್ಡದು.

ಕೊರತೆಗಳಿಲ್ಲವೆಂದಲ್ಲ. ಬುಟ್ಟಿ ತಾನಾಗಿ ಖಾಲಿಯಾಗುವುದಿಲ್ಲ. ಮೂವತ್ತು ದಿನ ಕಳೆದದ್ದನ್ನು ತೆಗೆಯಲು ಪ್ರತ್ಯೇಕ ಆದೇಶವೊಂದನ್ನು ನಾನೇ ಬರೆದು ದಿನಕ್ಕೊಮ್ಮೆ ಓಡುವಂತೆ ಇಟ್ಟಿದ್ದೇನೆ. ಹಳೆಯ ಕಡತದ ಮೇಲೆಯೇ ತಪ್ಪಾಗಿ ಹೊಸದನ್ನು ಉಳಿಸಿದರೆ ಈ ಮಾಡ್ಯೂಲ್ ಕಾಪಾಡುವುದಿಲ್ಲ, ಡಿಸ್ಕೇ ಕೆಟ್ಟರಂತೂ ಬುಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಭಾನುವಾರಗಳಂದು ಹೊರಗಿನ ಡಿಸ್ಕೊಂದನ್ನು ಜೋಡಿಸಿ ಪೂರ್ತಿ ಪ್ರತಿ ತೆಗೆದು, ಅದನ್ನು ಕಳಚಿ ಬೀರುವಿನಲ್ಲಿ ಇಡುತ್ತೇನೆ. ಅಮ್ಮನ ನೋಟ್‌ಬುಕ್ಕಿನ ಫೋಲ್ಡರಿಗೆ ಈಗ ನೆಟ್‌ವರ್ಕಿನಿಂದ ಓದುವ ಅನುಮತಿ ಮಾತ್ರ ಇದೆ, ನನಗೂ ಸೇರಿದಂತೆ.