ಸ್ಟುಡಿಯೋದ ನೆಟ್‌ವರ್ಕ್‌ಗೆ ತಂದ 16 ಪೋರ್ಟಿನ ಸ್ವಿಚ್: ಎಂಟು ತಿಂಗಳ ಅನುಭವ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದು ಮದುವೆ ಫೋಟೋ, ವಿಡಿಯೋ ಸ್ಟುಡಿಯೋ. ಎಡಿಟಿಂಗಿಗೆ ಎರಡು ಕಂಪ್ಯೂಟರ್, ವಿಡಿಯೋ ಇಡಲಿಕ್ಕೆ ಎರಡು ಲ್ಯಾನ್ ಪೋರ್ಟ್ ಇರುವ ಒಂದು ನ್ಯಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ), ನಾಲ್ಕು ಸಿಸಿಟಿವಿ ಕ್ಯಾಮೆರಾ, ಬಂದವರಿಗೆ ವೈಫೈ. ಎಲ್ಲವೂ ಒಂದೇ ಸಾದಾ ಸ್ವಿಚ್‌ನಲ್ಲಿತ್ತು, ಅಂದರೆ ಎಲ್ಲ ನೆಟ್‌ವರ್ಕ್ ಕೇಬಲ್ ಬಂದು ಸೇರುವ ಪೆಟ್ಟಿಗೆಯಲ್ಲಿ. ಒಂದು ದಿನ ಗಿರಾಕಿಯೊಬ್ಬರ ಮೊಬೈಲಿನಲ್ಲಿ ನಮ್ಮ ನ್ಯಾಸ್ ಹೆಸರು ಕಂಡಿತು. ನನಗೆ ಹೆದರಿಕೆ ಆಯ್ತು. ಜನ ನಂಬಿ ಕೊಟ್ಟ ಮನೆಯ ವಿಡಿಯೋಗಳು ಅದರಲ್ಲಿವೆ, ಅಲ್ವಾ? ಮರುದಿನವೇ ಈ ಗಿಗಾಬಿಟ್ ಮ್ಯಾನೇಜ್ಡ್ ಸ್ವಿಚ್‌ಗೆ, ಅಂದರೆ ಸೆಟ್ಟಿಂಗ್ ನಾವೇ ಬದಲಿಸಬಹುದಾದ ಸ್ವಿಚ್‌ಗೆ, ಆರ್ಡರ್ ಹಾಕಿದೆ.

ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವುದು. ಆ ಕೆಲಸಕ್ಕೆ ಇದು ತುಂಬಾ ಒಳ್ಳೆಯದು. ಸ್ಟುಡಿಯೋಗೆ 10, ಕ್ಯಾಮೆರಾಗೆ 20, ಬಂದವರ ವೈಫೈಗೆ 30 ಅಂತ ನಂಬರ್ ಕೊಟ್ಟೆ. ರೌಟರ್‌ಗೆ ಹೋಗುವ ಪೋರ್ಟ್‌ನಲ್ಲಿ ಮೂರೂ ಟ್ಯಾಗ್ಡ್ (ಡೇಟಾದ ಮೇಲೆ ವಿಲ್ಯಾನ್ ನಂಬರ್ ಇರುತ್ತದೆ), ಕ್ಯಾಮೆರಾ ಮತ್ತು ಕಂಪ್ಯೂಟರಿನ ಪೋರ್ಟ್‌ಗಳು ಅನ್‌ಟ್ಯಾಗ್ಡ್ (ನಂಬರ್ ಇರುವುದಿಲ್ಲ). ಆದರೆ ಪೋರ್ಟನ್ನು ವಿಲ್ಯಾನ್‌ಗೆ ಸೇರಿಸಿದರೆ ಸಾಲದು. ಪಿವಿಐಡಿಯನ್ನು, ಅಂದರೆ ನಂಬರ್ ಇಲ್ಲದೆ ಪೋರ್ಟ್‌ಗೆ ಬರುವ ಡೇಟಾ ಯಾವ ವಿಲ್ಯಾನ್‌ಗೆ ಸೇರಬೇಕು ಅನ್ನುವುದನ್ನು, ಬೇರೆ ಪುಟಕ್ಕೆ ಹೋಗಿ ಬದಲಿಸಬೇಕು. ಅದು 1ರಲ್ಲೇ ಉಳಿದರೆ ಕ್ಯಾಮೆರಾ ಕಳಿಸಿದ್ದೆಲ್ಲ ವಿಲ್ಯಾನ್ 1ಕ್ಕೇ ಹೋಗುತ್ತದೆ. ಇದು ಗೊತ್ತಿಲ್ಲದೆ ಒಂದು ಇಡೀ ಭಾನುವಾರ ಸುಮ್ನೆ ಕೇಬಲ್ ಬದಲಿಸಿದೆ. ಇನ್ನೊಂದು, ರೌಟರ್‌ಗೂ ವಿಲ್ಯಾನ್ ಗೊತ್ತಿರಬೇಕು. ಮೊದಲೇ ನೋಡಿಕೊಳ್ಳಿ.

ಲಿಂಕ್ ಅಗ್ರಿಗೇಶನ್, ಅಂದರೆ ಎರಡು ಕೇಬಲನ್ನು ಒಂದರಂತೆ ಬಳಸುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು ಮಾರಾಯ್ರೆ. ನ್ಯಾಸ್‌ನ ಎರಡೂ ಕೇಬಲ್ ಸೇರಿಸಿ ಎಲ್‌ಎಸಿಪಿ (ಇದಕ್ಕೆ ಎರಡೂ ಕಡೆಯವು ಮಾತಾಡಿಕೊಳ್ಳುವ ನಿಯಮ) ಗುಂಪು ಮಾಡಿದೆ. ಎರಡೂ ಕಡೆ ಎಲ್‌ಎಸಿಪಿ ಆನ್ ಇರಬೇಕು. ಮೊದಲು ಗುಂಪು ಮಾಡಿ, ಆಮೇಲೆ ಆ ಗುಂಪಿಗೇ ವಿಲ್ಯಾನ್ ಕೊಡಿ. ಒಂದು ಮದುವೆಯ ಫೋಲ್ಡರ್ ಕಾಪಿ ಹಾಕಿ ನೋಡಿದೆ. ಸೆಕೆಂಡಿಗೆ 110 ಎಂಬಿ, ಹಿಂದಿನಷ್ಟೇ! ಕಾರಣ ಇದು: ಪ್ಯಾಕೆಟ್‌ಗಳ ಸಾಲು ತಪ್ಪಬಾರದು ಅಂತ ಒಂದು ಕಾಪಿಯ ಡೇಟಾ ಎಲ್ಲ ಒಂದೇ ಕೇಬಲ್ ಹಿಡಿಯುತ್ತದೆ. ಲಾಭ ಸಿಗುವುದು ಇಬ್ಬರು ಒಟ್ಟಿಗೆ ಕೂತಾಗ. ನಮಗೆ ಅದೂ ಸಿಗಲಿಲ್ಲ. ಇಬ್ಬರೂ ಒಂದೇ ಕೇಬಲ್‌ಗೆ ಬಿದ್ದು, ಒಬ್ಬೊಬ್ಬರಿಗೆ 55ರ ಆಸುಪಾಸು. ಸ್ವಿಚ್‌ನಲ್ಲಿ ಹ್ಯಾಶ್ (ಯಾವ ಡೇಟಾ ಯಾವ ಕೇಬಲ್‌ಗೆ ಅಂತ ಆರಿಸುವ ಲೆಕ್ಕ) ಬದಲಿಸಿದೆ, ಏನೂ ಆಗಲಿಲ್ಲ. ನ್ಯಾಸ್‌ನಿಂದ ಹೊರಗೆ ಬರುವ ಡೇಟಾ ಯಾವ ಕೇಬಲ್‌ನಲ್ಲಿ ಬರಬೇಕು ಅಂತ ತೀರ್ಮಾನಿಸುವುದು ನ್ಯಾಸ್. ಸ್ವಿಚ್ ನೋಡಿಕೊಳ್ಳುವುದು ನ್ಯಾಸ್‌ಗೆ ಹೋಗುವುದನ್ನು ಮಾತ್ರ. ಅದು ತಲೆಗೆ ಹೋದ ಮೇಲೆ ನ್ಯಾಸ್‌ನಲ್ಲಿ ಹ್ಯಾಶ್ ಅನ್ನು ಲೇಯರ್ 2ರಿಂದ (ಮ್ಯಾಕ್ ವಿಳಾಸ ಮಾತ್ರ ನೋಡುವುದು) 2+3ಕ್ಕೆ (ಐಪಿ ವಿಳಾಸವನ್ನೂ ನೋಡುವುದು) ಬದಲಿಸಿದೆ, ಒಂದು ಕಂಪ್ಯೂಟರಿನ ಐಪಿಯ ಕೊನೆಯ ಅಂಕಿ ಬದಲಿಸಿದೆ. ಈಗ ಇಬ್ಬರಿಗೂ 110. ಆ ಸಂಜೆ ನಮ್ಮ ಹುಡುಗರ ಮುಖ ನೋಡಬೇಕಿತ್ತು. ಒಬ್ಬರೇ ಕೆಲಸ ಮಾಡುವವರಾದರೆ ಬರೀ ಇದಕ್ಕೋಸ್ಕರ ಈ ಸ್ವಿಚ್ ತರಬೇಡಿ.

ಫ್ಯಾನ್ ಇಲ್ಲ, ಸದ್ದಿಲ್ಲ. ನನಗೆ ಇಷ್ಟವಾಗದ್ದು ಸೇವ್ ಮಾಡುವ ರೀತಿ. ಅಪ್ಲೈ ಒತ್ತಿದ ಕೂಡಲೇ ಎಲ್ಲ ಕೆಲಸ ಮಾಡುತ್ತದೆ, ಆದರೆ ಮೇಲಿನ ಸೇವ್ ಬೇರೆಯಾಗಿ ಒತ್ತದಿದ್ದರೆ ಕರೆಂಟ್ ಹೋದಾಗ ಎಲ್ಲ ಅಳಿಸಿ ಹೋಗುತ್ತದೆ. ನನಗೆ ಒಮ್ಮೆ ಹಾಗಾಗಿದೆ. ಈಗ ಸೆಟ್ಟಿಂಗ್ ಫೈಲನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟಿದ್ದೇನೆ.

ನಮ್ಮ ಕರಾವಳಿಯವರು ಹಿಂಬದಿಯ ಅರ್ಥಿಂಗ್ ಸ್ಕ್ರೂ ಮರೆಯಬೇಡಿ. ಹಳೇ ಸ್ವಿಚ್‌ನ ಮೂರು ಪೋರ್ಟ್ ಮೇ ತಿಂಗಳ ಒಂದು ಸಿಡಿಲಿಗೆ ಹೋಗಿದ್ದವು. ಈಗ ಗುಡುಗು ಕೇಳಿಸಿದರೆ ಹೊರಗಿನ ಕ್ಯಾಮೆರಾಗಳ ಕೇಬಲ್ ಮೊದಲು ತೆಗೆಯುತ್ತೇನೆ.