ಟೆಂಟ್, ಸೈಕಲ್, ಮೂರು ದ್ವೀಪ: ವಿಯೆಕೆಸ್, ಕುಲೆಬ್ರ, ಸೇಂಟ್ ಜಾನ್

ಕೆರಿಬಿಯನ್ ಕಡೆ ಟೆಂಟ್ ಮತ್ತು ಸೈಕಲ್ ಕಟ್ಟಿಕೊಂಡು ಹೊರಡುವವರು ನನ್ನನ್ನು ಮೊದಲು ಕೇಳುವುದು, ಯಾವ ಬೀಚ್ ಚೆನ್ನಾಗಿದೆ ಅಂತ. ಬೀಚ್ ಅಲ್ಲಿ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಬೀಚಿನ ಹಿಂದಿನ ರಸ್ತೆ ಹೇಗಿದೆ, ಟೆಂಟಿನಿಂದ ಅಂಗಡಿಗೆ ಎಷ್ಟು ದೂರ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಪ್ರವಾಸ ಸುಖವಾಗುತ್ತದೆ. ನಾನು ಉಳಿದು, ತುಳಿದು ನೋಡಿದ ಮೂರು ದ್ವೀಪಗಳನ್ನು ಈ ಲೆಕ್ಕದಲ್ಲಿ ಪಕ್ಕಪಕ್ಕ ಇಡುತ್ತೇನೆ. ವಿಯೆಕೆಸ್ ಮತ್ತು ಕುಲೆಬ್ರ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊಗೆ ಸೇರಿದವು. ಸೇಂಟ್ ಜಾನ್ ಅಮೆರಿಕದ ವರ್ಜಿನ್ ದ್ವೀಪಗಳಲ್ಲೊಂದು.

ಮೂರಕ್ಕೂ ಬೇಕಾಗಿರುವುದು ಅಮೆರಿಕದ ವೀಸಾ. ಅಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಇದು ದೊಡ್ಡ ಅನುಕೂಲ. ನ್ಯೂಜೆರ್ಸಿಯಿಂದ ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ಗೆ ಹೋಗುವುದು ಬೇರೆ ರಾಜ್ಯಕ್ಕೆ ಹೋದಂತೆಯೇ, ಇಮಿಗ್ರೇಷನ್ ಸಾಲಿಲ್ಲ. ಸೇಂಟ್ ಜಾನ್‌ಗೆ ಹೋದವರು ಮಾತ್ರ ವಾಪಸ್ ಬರುವಾಗ ಪಕ್ಕದ ದ್ವೀಪವಾದ ಸೇಂಟ್ ಥಾಮಸ್‌ನ ವಿಮಾನ ನಿಲ್ದಾಣದಲ್ಲಿ ತಪಾಸಣೆ ದಾಟಬೇಕು. ಪಾಸ್‌ಪೋರ್ಟ್, ವೀಸಾ ಕಾಗದ ಕೈಯಲ್ಲಿರಲಿ.

ಮೊದಲು ಕುಲೆಬ್ರ. ಪುಟ್ಟ ದ್ವೀಪ, ಉದ್ದ ಸುಮಾರು 11 ಕಿಲೋಮೀಟರ್, ಅಗಲ 5. ಪೋರ್ಟೊ ರಿಕೊದ ಪೂರ್ವ ದಡದ ಸೇಯ್ಬಾ ಬಂದರಿನಿಂದ ಹೊರಟ ಫೆರಿ ಡ್ಯೂಯಿ ಊರಿನಲ್ಲಿ ಇಳಿಸುತ್ತದೆ. ಅಲ್ಲಿಂದ ಫ್ಲಮೆಂಕೊ ಬೀಚಿಗೆ ನಾಲ್ಕು ಕಿಲೋಮೀಟರ್. ದಾರಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಹೋಗುತ್ತದೆ, ಪುಟ್ಟ ವಿಮಾನಗಳು ಗುಡ್ಡದ ಸಂದಿಯಿಂದ ನುಗ್ಗಿ ತಲೆ ಮೇಲೆಯೇ ಇಳಿಯುತ್ತವೆ. ಆಮೇಲೆ ಒಂದು ಏರು, ಒಂದು ಇಳಿಜಾರು, ಅಷ್ಟೇ. ಟೆಂಟ್ ಹಾಕುವ ಜಾಗ ಬೀಚಿಗೆ ಅಂಟಿಕೊಂಡಿದೆ. ಬಿಳಿ ಮರಳು, ಕುದುರೆ ಲಾಳದ ಆಕಾರದ ಕೊಲ್ಲಿ, ದಡದಲ್ಲಿ ತುಕ್ಕು ಹಿಡಿದ ಎರಡು ಯುದ್ಧ ಟ್ಯಾಂಕ್. ಅವು ಅಮೆರಿಕದ ನೌಕಾಪಡೆ ಬಿಟ್ಟುಹೋದವು. ಈ ದ್ವೀಪವನ್ನು ಅದು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಜನ ಹೋರಾಡಿ 1975ರಲ್ಲಿ ಅದನ್ನು ನಿಲ್ಲಿಸಿದರು. ಈಗ ಟ್ಯಾಂಕಿನ ಮೈತುಂಬ ಬಣ್ಣದ ಚಿತ್ರ.

ಟೆಂಟಿನ ಮಟ್ಟಿಗೆ ಕುಲೆಬ್ರ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಜಿಪ್ ತೆಗೆದರೆ ಎದುರಿಗೆ ಸಮುದ್ರ. ಆದರೆ ಸೈಕಲ್ ಸವಾರಿ ಬೇಗ ಮುಗಿದುಹೋಗುತ್ತದೆ. ಪೂರ್ವಕ್ಕೆ ಸೋನಿ ಬೀಚ್, ಪಶ್ಚಿಮಕ್ಕೆ ಆಮೆಗಳು ಕಾಣುವ ತಮರಿಂಡೊ ಬೀಚ್, ಆಮೇಲೆ ಅದೇ ರಸ್ತೆಗಳು. ಸೋನಿ ಕಡೆಯ ಏರುಗಳು ಚಿಕ್ಕವು, ಆದರೆ ಕಡಿದು. ನಾನು ಅಲ್ಲಿ ಬಾಡಿಗೆಗೆ ತೆಗೆದುಕೊಂಡ ಸೈಕಲ್ಲಿನ ಹಿಂದಿನ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ, ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡೇ ಬರಬೇಕಾಯಿತು. ಬಾಡಿಗೆ ಸೈಕಲ್ ಪಡೆಯುವವರು ಅಂಗಡಿ ಮುಂದೆಯೇ ಎರಡೂ ಬ್ರೇಕ್ ಒತ್ತಿ ನೋಡಿ, ಗೇರ್ ಬದಲಿಸಿ ನೋಡಿ. ಸಮುದ್ರದ ಗಾಳಿಗೆ ಅಲ್ಲಿ ಚೈನು, ಕೇಬಲ್ಲು ಎಲ್ಲಾ ಬೇಗ ತುಕ್ಕು ಹಿಡಿಯುತ್ತವೆ. ಸಣ್ಣ ಎಣ್ಣೆ ಬಾಟಲಿ ಜೊತೆಗಿರಲಿ.

ಸೇಂಟ್ ಜಾನ್ ಮೂರರಲ್ಲೂ ಚೆಂದ. ಸೈಕಲ್ಲಿಗೆ ಕಷ್ಟವಾದದ್ದೂ ಅದೇ. ದ್ವೀಪದ ಅರ್ಧಕ್ಕಿಂತ ಜಾಸ್ತಿ ಭಾಗ 1956ರಲ್ಲಿ ಶುರುವಾದ ರಾಷ್ಟ್ರೀಯ ಉದ್ಯಾನ, ಹಾಗಾಗಿ ಕಾಡು ಗುಡ್ಡದ ಮೇಲಿಂದ ನೀರಿನ ಅಂಚಿನವರೆಗೂ ಇಳಿದು ಬಂದಿದೆ. ಸಿನಮನ್ ಬೇ ಕ್ಯಾಂಪ್ ಆ ಕಾಡಿನ ನೆರಳಿನಲ್ಲಿದೆ. 2017ರ ಇರ್ಮಾ ಚಂಡಮಾರುತದ ಪೆಟ್ಟಿಗೆ ವರ್ಷಗಟ್ಟಲೆ ಮುಚ್ಚಿ ಮತ್ತೆ ತೆರೆದ ಜಾಗ ಇದು. ಸ್ವಂತ ಟೆಂಟ್ ಹಾಕಬಹುದು, ಅವರದೇ ಟೆಂಟ್ ಬಾಡಿಗೆಗೂ ಸಿಗುತ್ತದೆ.

ರಸ್ತೆ ಮಾತ್ರ ಬೆವರಿಳಿಸುತ್ತದೆ. ಫೆರಿ ಇಳಿಯುವ ಕ್ರೂಜ್ ಬೇ ಊರು ಬಿಟ್ಟ ಕೂಡಲೇ ಗುಡ್ಡ ಏರಬೇಕು. ಆಮೇಲೆ ಒಂದೊಂದು ಕೊಲ್ಲಿಗೂ ಇಳಿಯಬೇಕು, ಮತ್ತೆ ಏರಬೇಕು. ಟೆಂಟು, ಒಲೆ, ನೀರು ಎಲ್ಲಾ ಕ್ಯಾರಿಯರ್ ಮೇಲೆ ಹೇರಿಕೊಂಡು ನಾನು ತುಳಿದಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ರಸ್ತೆ ಕಿರಿದು, ತಿರುವಿನಾಚೆ ಏನೂ ಕಾಣುವುದಿಲ್ಲ, ಬಾಡಿಗೆ ಜೀಪುಗಳ ಓಡಾಟ ಬೇರೆ. ಅಲ್ಲಿ ವಾಹನ ಓಡುವುದು ಎಡಗಡೆ, ನಮಗೆ ಅದು ಹೊಸದಲ್ಲ. ಆದರೆ ಬಾಡಿಗೆ ಜೀಪು ಓಡಿಸುವ ಪ್ರವಾಸಿಗರು ಬಹಳಷ್ಟು ಜನ ಬಲಗಡೆ ಓಡಿಸಿ ರೂಢಿ ಇರುವವರು. ತಿರುವಿನಲ್ಲಿ ಅವರ ಮೇಲೆ ಒಂದು ಕಣ್ಣಿರಲಿ. ಸೇಂಟ್ ಜಾನ್‌ಗೆ ಹೋಗುವವರಿಗೆ ನಾನು ಹೇಳುವುದು, ಸೈಕಲ್ ಮನೆಯಲ್ಲೇ ಇರಲಿ, ಒಳ್ಳೆ ಶೂ ತನ್ನಿ. ರೀಫ್ ಬೇ ಕಾಲುದಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಟೈನೊ ಜನ ಬಂಡೆ ಮೇಲೆ ಕೆತ್ತಿದ ಮುಖಗಳಿವೆ. ಆನಬರ್ಗ್‌ನಲ್ಲಿ ಗುಲಾಮರ ದುಡಿಮೆಯಿಂದ ನಡೆದ ಕಬ್ಬಿನ ಗಾಣದ ಅವಶೇಷವಿದೆ. ಎರಡನ್ನೂ ನೋಡದೆ ಬರಬಾರದು.

ಇನ್ನು ವಿಯೆಕೆಸ್. ಸೈಕಲ್ಲೂ ಟೆಂಟೂ ಎರಡೂ ಒಗ್ಗುವ ದ್ವೀಪ ಅಂದರೆ ನನಗೆ ಇದೇ. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಆರು. ಫೆರಿ ಇಲ್ಲಿಗೂ ಸೇಯ್ಬಾದಿಂದಲೇ. ಸಾನ್ ಹುವಾನ್‌ನಿಂದ ಸೇಯ್ಬಾಕ್ಕೆ ಟ್ಯಾಕ್ಸಿಗೆ ಕೊಡುವ ದುಡ್ಡಿನ ಮುಂದೆ ಫೆರಿ ಟಿಕೆಟ್ಟಿನ ಬೆಲೆ ಏನೇನೂ ಅಲ್ಲ. ಆದರೆ ದ್ವೀಪದ ಜನರಿಗೆ ಮೊದಲ ಆದ್ಯತೆ, ಅದು ನ್ಯಾಯವೂ ಹೌದು. ಟಿಕೆಟ್ ಮುಂಚೆಯೇ ತೆಗೆದಿಡಿ. ಸೈಕಲ್ ಹತ್ತಿಸಲು ಆ ದಿನದ ನಿಯಮ ಏನು ಅಂತಲೂ ಮುಂಚೆಯೇ ಕೇಳಿ. ನಾನು ಮಡಚುವ ಸೈಕಲ್ಲನ್ನು ಚೀಲದಲ್ಲಿ ಹಾಕಿ ಒಯ್ದೆ, ಯಾರೂ ಏನೂ ಅನ್ನಲಿಲ್ಲ.

ಫೆರಿ ಇಳಿಯುವುದು ಉತ್ತರದ ಇಸಬೆಲ್ ಸೆಗುಂಡಾ ಊರಿನಲ್ಲಿ. ಟೆಂಟ್ ಹಾಕುವ ಸನ್ ಬೇ ದಕ್ಷಿಣದಲ್ಲಿ, ಎಸ್ಪೆರಾನ್ಸಾ ಊರಿನ ಪಕ್ಕ. ನಡುವೆ ಗುಡ್ಡದ ಸಾಲು ದಾಟಬೇಕು, ಸುಮಾರು ಹತ್ತು ಕಿಲೋಮೀಟರ್. ಒಂದು ಸಲ ಉಸಿರು ಕಟ್ಟಿ ಹತ್ತಿದರೆ ಆಚೆ ಕಡೆ ಗಾಳಿ ಕುಡಿಯುತ್ತಾ ಇಳಿಯಬಹುದು. ಸಾಮಾನು ಕೊಳ್ಳುವುದನ್ನು ಫೆರಿ ಇಳಿದ ಊರಿನಲ್ಲೇ ಮುಗಿಸಿ. ಎಸ್ಪೆರಾನ್ಸಾದಲ್ಲಿ ಚಿಕ್ಕ ಅಂಗಡಿಗಳಿವೆ, ಟೆಂಟಿನಿಂದ ನಡೆದೇ ಹೋಗಬಹುದು. ಊರೇ ಹೀಗೆ ಪಕ್ಕದಲ್ಲಿರುವ ಅನುಕೂಲ ಉಳಿದೆರಡು ಕ್ಯಾಂಪಿಗಿಲ್ಲ.

ಸನ್ ಬೇಯಲ್ಲಿ ಕುದುರೆಗಳು ಬಿಡುಬೀಸಾಗಿ ಓಡಾಡುತ್ತವೆ. ಟೆಂಟ್ ಪಕ್ಕದಲ್ಲೇ ಹುಲ್ಲು ಮೇಯುತ್ತವೆ, ಹಣ್ಣಿನ ಚೀಲ ಹೊರಗಿಡಬೇಡಿ. ತೆಂಗಿನ ಮರದ ಕೆಳಗೆ ಟೆಂಟ್ ಹಾಕಬಾರದು ಅಂತ ನಮಗೆ ಹೇಳಿಕೊಡಬೇಕಿಲ್ಲ. ಆದರೆ ಮಂಚಿನೀಲ್ ಅನ್ನುವ ಮರ ನಮಗೆ ಹೊಸದು. ಹಣ್ಣು ಹಸಿರು ಸೇಬಿನ ಹಾಗೆ ಕಾಣುತ್ತದೆ, ತಿಂದರೆ ವಿಷ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ, ಮಳೆಯಲ್ಲಿ ಅದರ ಕೆಳಗೆ ನಿಲ್ಲುವುದೂ ಬೇಡ.

ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪೂರ್ವದಿಂದ. ಅದನ್ನು ನೋಡಿಕೊಂಡು ದಿನ ಹೊಂದಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಬೆಳಗ್ಗೆ ತಂಪಿನಲ್ಲಿ ಪೂರ್ವಕ್ಕೆ ಎದುರುಗಾಳಿಯಲ್ಲಿ ತುಳಿದು ಕರಾಕಸ್, ಲಾ ಚಿವಾ ಬೀಚುಗಳಿಗೆ ಹೋಗಿ. ಬಿಸಿಲೇರಿದ ಮೇಲೆ ಗಾಳಿಯೇ ಬೆನ್ನು ತಳ್ಳಿ ವಾಪಸ್ ತರುತ್ತದೆ. ಪಶ್ಚಿಮದ ದಾರಿ ಇನ್ನೂ ಚೆನ್ನಾಗಿದೆ. ಬಹಳ ಹಳೆಯ ಸೇಯ್ಬಾ (ಬಿಳಿ ಬೂರುಗ) ಮರ, ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆ, ಹುಲ್ಲು ಬೆಳೆದ ಮದ್ದುಗುಂಡಿನ ಉಗ್ರಾಣಗಳ ಸಾಲು.

ಆ ಉಗ್ರಾಣಗಳೂ ನೌಕಾಪಡೆಯವೇ. 1940ರ ದಶಕದಲ್ಲಿ ಅದು ಜನರನ್ನು ಎಬ್ಬಿಸಿ ದ್ವೀಪದ ಹೆಚ್ಚು ಭಾಗವನ್ನು ತೆಗೆದುಕೊಂಡಿತು. ಪೂರ್ವದ ತುದಿ ಬಾಂಬ್ ಅಭ್ಯಾಸದ ಜಾಗವಾಯಿತು. 1999ರ ಏಪ್ರಿಲ್‌ನಲ್ಲಿ ಗುರಿ ತಪ್ಪಿದ ಬಾಂಬಿಗೆ ದ್ವೀಪದವರೇ ಆದ ಡೇವಿಡ್ ಸಾನೆಸ್ ಎಂಬ ಕಾವಲುಗಾರ ತೀರಿಕೊಂಡರು. ಜನ ಆ ನೆಲದಲ್ಲೇ ಬಿಡಾರ ಹೂಡಿ ಕೂತರು. 2003ರ ಮೇ 1ರಂದು ನೌಕಾಪಡೆ ಅಭ್ಯಾಸ ನಿಲ್ಲಿಸಿ ಹೊರಟಿತು, ಭೂಮಿ ವನ್ಯಜೀವಿ ಧಾಮವಾಯಿತು. ಕಟ್ಟಡಗಳಿಲ್ಲದ ಇಷ್ಟು ಉದ್ದದ ದಡ, ಖಾಲಿ ರಸ್ತೆ ನಮಗೆ ಸಿಗುತ್ತಿರುವುದರ ಹಿಂದೆ ಆ ಜನರ ನೋವಿದೆ. ಸಿಡಿಯದ ಬಾಂಬುಗಳು ಇನ್ನೂ ಅಲ್ಲಿವೆ. ಬೇಲಿ, ಫಲಕ ಕಂಡರೆ ದಾಟಲೇಬೇಡಿ. ಧಾಮದೊಳಗೆ ಟೆಂಟ್ ಹಾಕುವಂತೆಯೂ ಇಲ್ಲ.

ರಾತ್ರಿಗೆ ಮೊಸ್ಕಿಟೊ ಬೇ ಇದೆ. ನೀರು ಕದಡಿದರೆ ಸೂಕ್ಷ್ಮಜೀವಿಗಳು ನೀಲಿಯಾಗಿ ಹೊಳೆಯುತ್ತವೆ. ಈಜುವಂತಿಲ್ಲ, ದೋಣಿಯಲ್ಲಿ ಹೋಗಬೇಕು. ಅಮಾವಾಸ್ಯೆ ಹತ್ತಿರದ ದಿನಗಳನ್ನು ಪಂಚಾಂಗ ನೋಡಿಯೇ ಆರಿಸಿಕೊಳ್ಳಿ, ಹುಣ್ಣಿಮೆಯಲ್ಲಿ ಹೊಳಪು ಅಷ್ಟಾಗಿ ಕಾಣುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಗಮನ ಕೊಡಬೇಕು. ಪೋರ್ಟೊ ರಿಕೊದಲ್ಲಿ ಅನ್ನ, ತೊಗರಿಕಾಳು ಸೇರಿಸಿ ಮಾಡುವ ಅಡುಗೆ ಎಲ್ಲೆಲ್ಲೂ ಇದೆ, ಆದರೆ ಅದರಲ್ಲಿ ಹಂದಿ ಮಾಂಸ ಬೆರೆಸುವುದು ಮಾಮೂಲು. ಕೇಳಿಯೇ ತಿನ್ನಿ. ಬಾಳೆಕಾಯಿ ಕರಿದದ್ದು ಸಿಗುತ್ತದೆ, ಕರಾವಳಿಯವರಿಗೆ ಪ್ರೀತಿಯ ಜೀಗುಜ್ಜೆಯೂ ಸಿಗುತ್ತದೆ. ಒಲೆಗೆ ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಸಾನ್ ಹುವಾನ್‌ನಲ್ಲೇ ಹುಡುಕಬೇಕು. ಅದರ ರಗಳೆಯೇ ಬೇಡ ಅಂದರೆ ಅವಲಕ್ಕಿ, ಚಟ್ನಿಪುಡಿ, ಒಂದು ತೆಂಗಿನಕಾಯಿ ಸಾಕು.

ಹೋಗಲು ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಕ್ಯಾಂಪುಗಳು ರಿಪೇರಿಗೆಂದು ಆಗಾಗ ಮುಚ್ಚುತ್ತವೆ, ಆದ್ದರಿಂದ ವಿಮಾನದ ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ ಕೇಳಿ. ಒಂದು ವಾರ ರಜೆ ಸಿಕ್ಕಿದರೆ ಮುಕ್ಕಾಲು ಭಾಗ ವಿಯೆಕೆಸ್‌ಗೆ ಕೊಡಿ. ಉಳಿದ ಒಂದೆರಡು ರಾತ್ರಿಗೆ ಸೇಯ್ಬಾಕ್ಕೆ ವಾಪಸ್ ಬಂದು ಕುಲೆಬ್ರದ ಫೆರಿ ಹತ್ತಿ.