ಸಿಂಹದ ಗುರುತಿನ ಹಳೆಯ ಬ್ಯಾಂಕು: ಎಲ್‌ಸಿಎಲ್ ಸೇವೆಯ ವಿಮರ್ಶೆ

ಫ್ರಾನ್ಸಿನಲ್ಲಿ ಎಲ್‌ಸಿಎಲ್ ಖಾತೆ ತೆರೆದವರಿಗೆ ಮೊದಲು ಸಿಗುವ ಉಪಯೋಗದ ಕಾಗದ 'ರಿಬ್', ಅಂದರೆ ಖಾತೆಯ ವಿವರಚೀಟಿ. ಅದರಲ್ಲಿ ಬ್ಯಾಂಕಿನ ಸಂಖ್ಯೆ 30002. ಇದರ ಹಿಂದಿನ 30001 ದೇಶದ ಕೇಂದ್ರ ಬ್ಯಾಂಕಾದ ಬಾಂಕ್ ದ ಫ್ರಾನ್ಸಿನದು. ಮುಂದಿನ 30003 ಸೊಸಿಯೆತೆ ಜೆನೆರಾಲ್‌ನದು, 30004 ಬಿಎನ್‌ಪಿ ಪಾರಿಬಾದ್ದು. ಸಾಲಿನಲ್ಲಿ ಕೇಂದ್ರ ಬ್ಯಾಂಕಿನ ಪಕ್ಕದ ಜಾಗ ಸಿಗುವಷ್ಟು ದೊಡ್ಡ ಮನೆತನ ಇದು. ಹೊರದೇಶದಿಂದ ಹಣ ತರಿಸಲು ಕೊಡಬೇಕಾದ ಬಿಕ್ ಸಂಕೇತ ಸಿ-ಆರ್-ಎಲ್-ವೈ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುತ್ತದೆ. ಅದು ಕ್ರೆಡಿ ಲಿಯೊನೆ ಎಂಬ ಹಳೆಯ ಹೆಸರಿನ ತುಣುಕು. 2005ರ ಆಗಸ್ಟ್‌ನಲ್ಲಿ ಬೋರ್ಡುಗಳ ಮೇಲೆ ಎಲ್‌ಸಿಎಲ್ ಎಂಬ ಮೂರಕ್ಷರ ಬಂದರೂ ಕಂಪ್ಯೂಟರುಗಳ ಒಳಗೆ ಹಳೆಯ ಹೆಸರೇ ಓಡಾಡುತ್ತಿದೆ.

ಈ ಬ್ಯಾಂಕನ್ನು ತೂಗಲು ಬೇರೆ ತಕ್ಕಡಿ ಬೇಡ, ಇದರ ಸ್ಥಾಪಕ ಇಟ್ಟ ಒಂದು ನಿಯಮ ಸಾಕು: ಜನ ಯಾವಾಗ ಬೇಕಾದರೂ ವಾಪಸು ಕೇಳಬಹುದಾದ ಠೇವಣಿಯನ್ನು ಬೇಗ ಕೈಗೆ ಬಾರದ ವ್ಯವಹಾರಕ್ಕೆ ಹಾಕಬಾರದು. ನಿಯಮ ಪಾಲಿಸಿದಷ್ಟು ಕಾಲ ಬ್ಯಾಂಕು ಬೆಳೆಯಿತು, ಮರೆತಾಗ ಮುಳುಗುವಷ್ಟು ದೂರ ಹೋಯಿತು. ಈಗ ಬೇರೊಬ್ಬರ ಮನೆಯಲ್ಲಿದ್ದುಕೊಂಡು ಮತ್ತೆ ಪಾಲಿಸುತ್ತಿದೆ.

ಸ್ಥಾಪಕ ಆನ್ರಿ ಜೆರ್ಮೆನ್. ಸ್ಥಳ ರೇಷ್ಮೆ ವ್ಯಾಪಾರದ ಊರು ಲಿಯಾನ್, ದಿನ 1863ರ ಜುಲೈ 6. ಜೊತೆಗಿದ್ದವರಲ್ಲಿ ರೇಷ್ಮೆ ವರ್ತಕ ಆರ್ಲೆಸ್-ದ್ಯುಫೂರ್ ಮುಖ್ಯರು. ಬಂಡವಾಳ 2 ಕೋಟಿ ಫ್ರಾಂಕ್. ಈ ಅಂಕಿ ಸುಮ್ಮನೆ ಬಂದದ್ದಲ್ಲ. ಅದೇ ವರ್ಷದ ಮೇ 23ರ ಕಾನೂನು ಸರ್ಕಾರದ ಅಪ್ಪಣೆಯಿಲ್ಲದೆ ಸೀಮಿತ ಹೊಣೆಯ ಕಂಪನಿ ಕಟ್ಟಲು ಅವಕಾಶ ಕೊಟ್ಟಿತು, ಆದರೆ ಬಂಡವಾಳ 2 ಕೋಟಿ ದಾಟಬಾರದು ಎಂದಿತು. ಕಾನೂನು ಬಂದು ಎರಡು ತಿಂಗಳಾಗುವ ಮೊದಲೇ ಜೆರ್ಮೆನ್ ಆ ಮಿತಿಯ ತುದಿಗೆ ಹೋಗಿ ನಿಂತಿದ್ದರು. 1865ರಲ್ಲಿ ಪ್ಯಾರಿಸ್ ಮತ್ತು ಮಾರ್ಸೇ ಶಾಖೆಗಳು ತೆರೆದವು. ಪ್ರಷ್ಯಾ ಜೊತೆ ಯುದ್ಧ ನಡೆದ 1870ರಲ್ಲಿ ಲಂಡನ್ ಶಾಖೆ ಬಂತು.

ನಿಯಮ ಹುಟ್ಟಿದ್ದು ಪುಸ್ತಕದಿಂದಲ್ಲ, ಪೆಟ್ಟಿನಿಂದ. ಲಿಯಾನಿನ ರೇಷ್ಮೆಗೆ ಬಣ್ಣ ಕಟ್ಟುವ ಕೆಂಪು ರಾಸಾಯನಿಕ ಫುಕ್ಸೀನ್ ಆಗ ಹೊಸತು. ಅದರ ಪೇಟೆಂಟ್ ಹಿಡಿದ 'ಲಾ ಫುಕ್ಸೀನ್' ಕಂಪನಿಗೆ ಎಳೆಯ ಬ್ಯಾಂಕು ಬೆನ್ನು ಕೊಟ್ಟಿತು. ಕಂಪನಿ 1868ರಲ್ಲಿ ಕುಸಿಯಿತು. ಆಮೇಲೆ ಜೆರ್ಮೆನ್ ಕಾರ್ಖಾನೆಗಳ ಷೇರು ಹಿಡಿಯುವ ಆಸೆಯಿಂದ ದೂರ ಸರಿದು, ವರ್ತಕರ ಅಲ್ಪಾವಧಿ ಹುಂಡಿಗಳನ್ನು ಸೋಡಿಗೆ ಕೊಳ್ಳುವ ಕೆಲಸಕ್ಕೆ ಒತ್ತು ಕೊಟ್ಟರು. ಮೂರು ತಿಂಗಳಲ್ಲಿ ತಾನೇ ಹಣವಾಗಿ ವಾಪಸಾಗುವ ಕಾಗದ ಅದು. 1882ರ ಜನವರಿಯಲ್ಲಿ ಯೂನಿಯೊಂ ಜೆನೆರಾಲ್ ಬ್ಯಾಂಕು ಬಿದ್ದು, ಲಿಯಾನಿನ ಷೇರುಪೇಟೆ ನೆಲಕಚ್ಚಿ, ಠೇವಣಿದಾರರು ಎಲ್ಲ ಬ್ಯಾಂಕುಗಳ ಬಾಗಿಲಿಗೂ ಓಡಿದಾಗ ಕ್ರೆಡಿ ಲಿಯೊನೆ ನಿಂತಿತು. ಪೆಟ್ಟಿಗೆಯಲ್ಲಿ ಬೇಗ ಕರಗುವ ಆಸ್ತಿ ಇತ್ತು.

ಇನ್ನೊಂದು ಜಾಣತನವೂ ಇತ್ತು. 1871ರಲ್ಲೇ ಬ್ಯಾಂಕು ಹಣಕಾಸು ಅಧ್ಯಯನ ವಿಭಾಗ ತೆರೆದು, ಸಾಲ ಕೇಳುವ ದೇಶಗಳ, ಕಂಪನಿಗಳ ಲೆಕ್ಕವನ್ನು ತಾನೇ ಕೂಡಿಸಿ ಕಳೆದು ನೋಡುತ್ತಿತ್ತು. ಆದರೂ ರಷ್ಯಾದ ವಿಷಯದಲ್ಲಿ ಲೆಕ್ಕ ತಪ್ಪಿತು. 1878ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶಾಖೆ ತೆರೆದು, ರಷ್ಯಾದ ಸಾಲಪತ್ರಗಳನ್ನು ಫ್ರಾನ್ಸಿನ ಸಣ್ಣ ಉಳಿತಾಯಗಾರರಿಗೆ ದಶಕಗಟ್ಟಲೆ ಮಾರಿದ ಬ್ಯಾಂಕುಗಳಲ್ಲಿ ಇದೂ ಒಂದು. 1917ರ ಕ್ರಾಂತಿಯ ನಂತರ ಆ ಕಾಗದಗಳಿಗೆ ಬೆಲೆ ಉಳಿಯಲಿಲ್ಲ. ನಷ್ಟ ಹೆಚ್ಚಾಗಿ ಕೊಂಡವರಿಗೆ ಆಯಿತು, ಮಾರಿದವರಿಗಲ್ಲ. ಕೌಂಟರಿನಲ್ಲಿ ಕೂತು ಹೂಡಿಕೆ ಕೊಳ್ಳುವವರು ಇವತ್ತಿಗೂ ನೆನಪಿಡಬೇಕಾದ ವ್ಯತ್ಯಾಸ ಇದು.

ಮುಂದಿನ ಎಪ್ಪತ್ತು ವರ್ಷಗಳನ್ನು ಬೇಗ ದಾಟಬಹುದು. ಜೆರ್ಮೆನ್ 1905ರಲ್ಲಿ ತೀರಿಕೊಂಡರು. 1945ರ ಡಿಸೆಂಬರ್ 2ರ ಕಾನೂನಿನಿಂದ ಬ್ಯಾಂಕು ಸರ್ಕಾರದ್ದಾಯಿತು. 1981ರಿಂದ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಗೆ ಹಣ ಕೊಡತೊಡಗಿ, 1987ರಿಂದ, ಸ್ಪರ್ಧೆಯಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯ ಪ್ರಾಯೋಜಕತ್ವ ಹಿಡಿಯಿತು. ವೇದಿಕೆಯಲ್ಲಿ ಆ ಜೆರ್ಸಿ ತೊಟ್ಟವರ ಕೈಗೆ ಕೊಡುವ ಸಿಂಹದ ಬೊಂಬೆ ಈ ಬ್ಯಾಂಕಿನದೇ.

ನಿಲ್ಲಬೇಕಾದ ಜಾಗ 1988. ಆ ವರ್ಷ ಅಧ್ಯಕ್ಷರಾದ ಜಾಂ-ಈವ್ ಆಬೆರೆರ್ ಬ್ಯಾಂಕನ್ನು ಯುರೋಪಿನ ದೈತ್ಯನನ್ನಾಗಿ ಮಾಡಹೊರಟರು. ಆ ಕಾಲದ ಜಾಹೀರಾತು ವಾಕ್ಯ 'ಹೂಂ ಎನ್ನುವ ಶಕ್ತಿ'. ಹೂಂ ಎಂದದ್ದು ಸ್ವಲ್ಪ ಜಾಸ್ತಿಯೇ ಆಯಿತು. ನೆದರ್‌ಲ್ಯಾಂಡ್ಸ್‌ನ ಅಂಗಸಂಸ್ಥೆಯ ಸಾಲದ ಬಲದಿಂದ ಇಟಲಿಯ ಉದ್ಯಮಿ ಜಾಂಕಾರ್ಲೊ ಪಾರೆತ್ತಿ 1990ರಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊವನ್ನು ಸುಮಾರು 130 ಕೋಟಿ ಡಾಲರಿಗೆ ಕೊಂಡರು. ಅವರು ಕಂತು ಕಟ್ಟಲಾರದೆ ಹೋದಾಗ ಸ್ಟುಡಿಯೊ ಬ್ಯಾಂಕಿನ ತಲೆಗೇ ಬಂತು. ಇನ್ನೊಂದು ಅಂಗಸಂಸ್ಥೆ ಎಸ್‌ಡಿಬಿಒ ಉದ್ಯಮಿ ಬೆರ್ನಾರ್ ತಾಪಿಗೆ ಸಾಲ ಕೊಟ್ಟಿತ್ತು. ಮೂರನೆಯದಾದ ಆಲ್ತ್ಯುಸ್ ಅಮೆರಿಕದ ಎಕ್ಸಿಕ್ಯುಟಿವ್ ಲೈಫ್ ವಿಮಾ ಕಂಪನಿಯ ಅಪಾಯದ ಬಾಂಡುಗಳಿಗೆ ಕೈ ಹಾಕಿತು. ಇವುಗಳ ಜೊತೆಗೆ ಪ್ಯಾರಿಸ್ ಕಟ್ಟಡಗಳ ಬೆಲೆಯೂ ಬಿತ್ತು.

ಎಡವಿದ್ದು ಎಲ್ಲಿ ಎನ್ನುವುದು ಸರಳ. ಸಾಲ ಕೊಡುವವನೇ ಪಾಲುದಾರನೂ ಆದರೆ, ಸಾಲ ಕೆಟ್ಟಾಗ ನಿಲ್ಲಿಸುವ ಬದಲು ಇನ್ನಷ್ಟು ಸುರಿಯುತ್ತಾನೆ. ನಿಲ್ಲಿಸಿದರೆ ತನ್ನ ಪಾಲೂ ಸೊನ್ನೆ. ಅಂಗಸಂಸ್ಥೆಗಳು ದೂರದಲ್ಲಿದ್ದವು, ಒಡೆಯನಾದ ಸರ್ಕಾರವೇ ಮೇಲ್ವಿಚಾರಕನೂ ಆಗಿತ್ತು. 1993ರ ನಷ್ಟ 690 ಕೋಟಿ ಫ್ರಾಂಕ್, 1994ರದ್ದು 1,210 ಕೋಟಿ. ಆಬೆರೆರ್ ಜಾಗಕ್ಕೆ 1993ರಲ್ಲಿ ಬಂದ ಜಾಂ ಪೇರ್‌ಲೆವಾದ್ ಅವಧಿಯಲ್ಲಿ, 1995ರಲ್ಲಿ, ಕೆಟ್ಟ ಆಸ್ತಿಗಳನ್ನೆಲ್ಲ ಸಿಡಿಆರ್ ಎಂಬ ಪ್ರತ್ಯೇಕ ಸಂಸ್ಥೆಗೆ ಸಾಗಿಸಿ, ನಷ್ಟವನ್ನು ಸರ್ಕಾರ ಹೊತ್ತುಕೊಂಡಿತು. ತೆರಿಗೆದಾರರಿಗೆ ಬಿದ್ದ ಹೊರೆ 10,000 ಕೋಟಿ ಫ್ರಾಂಕ್ ದಾಟಿತೆಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಸಾಲದ್ದಕ್ಕೆ 1996ರ ಮೇ 5ರಂದು ಪ್ಯಾರಿಸ್ಸಿನ ಬುಲವಾರ್ ದೆಸ್ ಇತಾಲಿಯೆಂನಲ್ಲಿದ್ದ ಮುಖ್ಯ ಕಟ್ಟಡವೂ ಬೆಂಕಿಗೆ ಸಿಕ್ಕಿತು.

ತಾಪಿ ಮೊಕದ್ದಮೆಯ ಸುದ್ದಿ ಓದಿ ಈಗಿನ ಬ್ಯಾಂಕಿನ ಮೇಲೆ ಅನುಮಾನ ಪಡುವವರಿದ್ದಾರೆ. ತನ್ನ ಕೈಯಲ್ಲಿದ್ದ ಆದಿದಾಸ್ ಕಂಪನಿಯನ್ನು 1993ರಲ್ಲಿ 208.5 ಕೋಟಿ ಫ್ರಾಂಕಿಗೆ ಮಾರಿಸಿದ್ದರಲ್ಲಿ ಬ್ಯಾಂಕಿನಿಂದ ಮೋಸವಾಯಿತು ಎಂಬುದು ತಾಪಿಯ ದೂರು. 2008ರಲ್ಲಿ ಪಂಚಾಯ್ತಿದಾರರು 40.3 ಕೋಟಿ ಯುರೋ ಕೊಡಿಸಿದರು, 2015ರಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಆದರೆ ಈ ಜಗಳದಲ್ಲಿ ಎದುರಾಳಿ ಸಿಡಿಆರ್, ಅಂದರೆ ಸರ್ಕಾರ. ಎಲ್‌ಸಿಎಲ್ ಗ್ರಾಹಕನ ಖಾತೆಗೂ ಇದಕ್ಕೂ ಸಂಬಂಧವಿಲ್ಲ.

1999ರಲ್ಲಿ ಬ್ಯಾಂಕು ಖಾಸಗಿಯಾಯಿತು. 2002ರ ನವೆಂಬರಿನಲ್ಲಿ ಸರ್ಕಾರದ ಬಳಿ ಉಳಿದಿದ್ದ 10.9 ಶೇಕಡಾ ಪಾಲನ್ನು ಬಿಎನ್‌ಪಿ ಪಾರಿಬಾ ಷೇರಿಗೆ 58 ಯುರೋ ಕೊಟ್ಟು ಕೊಂಡಿತು. ಒಂದು ತಿಂಗಳೊಳಗೆ ಇನ್ನೊಂದು ದೊಡ್ಡ ಬ್ಯಾಂಕು ಗುಂಪಾದ ಕ್ರೆಡಿ ಅಗ್ರಿಕೋಲ್ ಇಡೀ ಬ್ಯಾಂಕಿಗೇ ಸುಮಾರು 1,950 ಕೋಟಿ ಯುರೋ ಬೆಲೆ ಕೂಗಿ, 2003ರಲ್ಲಿ ತನ್ನದಾಗಿಸಿಕೊಂಡಿತು. ದೊಡ್ಡ ಕಂಪನಿಗಳ ವ್ಯವಹಾರ 2004ರಲ್ಲಿ ಕಾಲಿಯೋನ್ ಎಂಬ ಬೇರೆ ಸಂಸ್ಥೆಗೆ ಹೋಯಿತು. ಉಳಿದದ್ದು ಫ್ರಾನ್ಸಿನೊಳಗಿನ ಮನೆಮಂದಿ, ವೃತ್ತಿಪರರು, ಸಣ್ಣ ಮತ್ತು ಮಧ್ಯಮ ಉದ್ಯಮಗಳು: ಸುಮಾರು 60 ಲಕ್ಷ ಗ್ರಾಹಕರು. ಕೆಲಸದ ಕೇಂದ್ರ ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್, ಕಾಗದದ ಮೇಲಿನ ವಿಳಾಸ ಮಾತ್ರ ಇಂದಿಗೂ ಲಿಯಾನಿನ ರ‍್ಯು ದ ಲಾ ರೆಪ್ಯುಬ್ಲಿಕ್. ಜೆರ್ಮೆನ್ ಬಯಸಿದ ಠೇವಣಿ ಬ್ಯಾಂಕು ಹೀಗೆ ಸುತ್ತಿ ಬಳಸಿ ಸಿಕ್ಕಿತು.

ಸೇವೆಯ ಗುಣ ದೋಷ ಎರಡೂ ಇಲ್ಲಿಂದಲೇ ಬರುತ್ತವೆ. ಶಾಖೆ ಇದೆ, ಎದುರು ಕೂರುವ ಸಲಹೆಗಾರರಿದ್ದಾರೆ; ಮನೆ ಸಾಲ, ಸಣ್ಣ ವ್ಯಾಪಾರದ ಖಾತೆ ಬೇಕಾದವರಿಗೆ ಇದು ಒಳ್ಳೆಯ ಆಯ್ಕೆ. ಆದರೆ ಮೇಜಿನ ಮೇಲೆ ಬರುವ ಜೀವವಿಮೆ ಹೆಚ್ಚಾಗಿ ಪ್ರೆದಿಕಾದ್ದು, ಹೂಡಿಕೆ ನಿಧಿ ಅಮುಂದಿಯದ್ದು. ಎರಡೂ ಕ್ರೆಡಿ ಅಗ್ರಿಕೋಲ್ ಗುಂಪಿನವೇ. ಎಲ್‌ಸಿಎಲ್ ಬಿಟ್ಟು ಕ್ರೆಡಿ ಅಗ್ರಿಕೋಲ್‌ನ ಪ್ರಾದೇಶಿಕ ಬ್ಯಾಂಕಿಗೆ ಹೋದರೂ ಇವೇ ಸಿಗುತ್ತವೆ. ಹೋಲಿಸುವುದಾದರೆ ಗುಂಪಿನ ಹೊರಗೆ ಹೋಗಿ ಹೋಲಿಸಿ. ಸಂಬಳ ಬರುವ ಖಾತೆ ಮತ್ತು ಕಾರ್ಡು ಇಷ್ಟೇ ಸಾಕು ಎನ್ನುವವರಿಗೆ ಶಾಖೆಯ ಖರ್ಚು ಹೊರದ ಆನ್‌ಲೈನ್ ಬ್ಯಾಂಕೇ ಮೇಲು.

ಖಾತೆ ತೆರೆಯಲು ಗುರುತಿನ ಪತ್ರ, ಮೂರು ತಿಂಗಳೊಳಗಿನ ವಿಳಾಸ ದಾಖಲೆ, ಆದಾಯದ ದಾಖಲೆ ಒಯ್ಯಿರಿ. ಬೇರೆಯವರ ಮನೆಯಲ್ಲಿದ್ದರೆ ಅವರು ಬರೆದುಕೊಟ್ಟ ಪತ್ರ, ಅವರ ಗುರುತಿನ ಪ್ರತಿ, ಅವರ ಹೆಸರಿನ ಬಿಲ್ಲು ಮೂರೂ ಬೇಕು. ಒಂದು ತಪ್ಪಿದರೂ ಕಡತ ಅಲ್ಲೇ ಕೂರುತ್ತದೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಸಿ. 2025ರ ಅಕ್ಟೋಬರ್ 9ರಿಂದ ಯುರೋ ವಲಯದಲ್ಲಿ ಹಣ ಕಳಿಸುವ ಮುನ್ನ ಪಡೆಯುವವರ ಹೆಸರೂ ಐಬ್ಯಾನ್ ಎಂಬ ಖಾತೆ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂದು ನೋಡಲಾಗುತ್ತದೆ. ಅಕ್ಷರ ಆಚೀಚೆಯಾದರೆ ಕಳಿಸುವವರಿಗೆ ಎಚ್ಚರಿಕೆ ಕಾಣಿಸಿ, ಸಂಬಳ ಕೊಡುವ ಕಚೇರಿ ತಡೆದು ನಿಲ್ಲಿಸಬಹುದು. ಫ್ರಾನ್ಸಿನ ಐಬ್ಯಾನ್ 27 ಅಕ್ಷರದ್ದು; ಮೊದಲ ನಾಲ್ಕು ಬಿಟ್ಟರೆ ಉಳಿದದ್ದು ಬ್ಯಾಂಕು 5, ಶಾಖೆ 5, ಖಾತೆ 11, ಕೊನೆಯ 2 ತಪ್ಪು ಹಿಡಿಯುವ ಕೀಲಿ. ಯಾವ ಬ್ಯಾಂಕೂ ಖಾತೆ ಕೊಡದಿದ್ದರೆ ನಿರಾಕರಣೆಯ ಪತ್ರ ಕೇಳಿ ಪಡೆದು ಬಾಂಕ್ ದ ಫ್ರಾನ್ಸಿಗೆ ಸಲ್ಲಿಸಿ, ಅದು ಒಂದು ಬ್ಯಾಂಕನ್ನು ಗೊತ್ತುಮಾಡುತ್ತದೆ.

ಹೆಚ್ಚು ಜನ ಎಡವುವುದು ಕಾರ್ಡಿನಲ್ಲಿ. 'ದೆಬಿ ದಿಫೆರೆ' ಕಾರ್ಡಿನಲ್ಲಿ ತಿಂಗಳ ಖರೀದಿಯೆಲ್ಲ ಒಟ್ಟಾಗಿ ಒಂದು ದಿನ ಕಡಿತವಾಗುತ್ತದೆ, ಎಟಿಎಂನಿಂದ ತೆಗೆದ ಹಣ ಮಾತ್ರ ಕೂಡಲೇ ಹೋಗುತ್ತದೆ. ಕಾರ್ಡಿನ ಮೇಲೆ 'ಕ್ರೆಡಿ' ಎಂದು ಅಚ್ಚಾಗಿದ್ದರೂ ಅದು ಸಾಲವಲ್ಲ. ಕಡಿತದ ದಿನ ಖಾತೆ ಖಾಲಿಯಿದ್ದರೆ ಮಧ್ಯಪ್ರವೇಶ ಶುಲ್ಕ ಬೀಳುತ್ತದೆ. ಕಾನೂನಿನ ಮಿತಿ ಒಂದು ವ್ಯವಹಾರಕ್ಕೆ 8 ಯುರೋ, ತಿಂಗಳಿಗೆ 80. ಆರ್ಥಿಕವಾಗಿ ದುರ್ಬಲರಾದವರಿಗೆಂದೇ ಇರುವ ವಿಶೇಷ ಯೋಜನೆಗೆ ಸೇರಿದವರಿಗೆ 4 ಮತ್ತು 20. ಪ್ರತಿ ಜನವರಿಯಲ್ಲಿ ಹಿಂದಿನ ವರ್ಷ ಕತ್ತರಿಸಿದ ಶುಲ್ಕಗಳ ಒಟ್ಟು ಪಟ್ಟಿ ಬರಬೇಕು. ಶುಲ್ಕದ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಆಯುಧವಿಲ್ಲ.

ಮನೆ ಸಾಲದಲ್ಲಿ ಕಂತಿನ ಭಾರ, ವಿಮೆಯೂ ಸೇರಿ, ಸಾಮಾನ್ಯವಾಗಿ ಆದಾಯದ 35 ಶೇಕಡಾ ದಾಟಬಾರದು, ಅವಧಿ 25 ವರ್ಷ ಮೀರಬಾರದು. ಈ ಮಿತಿಗಳು ದೇಶಕ್ಕೆಲ್ಲ ಒಂದೇ, ಇವನ್ನು ಸಡಿಲಿಸಿಕೊಳ್ಳಲೆಂದು ಬ್ಯಾಂಕಿನಿಂದ ಬ್ಯಾಂಕಿಗೆ ಓಡುವುದರಿಂದ ದೊಡ್ಡ ಲಾಭವಿಲ್ಲ. ಸಾಲದ ಪ್ರಸ್ತಾಪ ಕೈಗೆ ಬಂದ ಹತ್ತು ದಿನ ಸಹಿ ಮಾಡುವಂತಿಲ್ಲ, ಹನ್ನೊಂದನೆಯ ದಿನದಿಂದ ಮಾಡಬಹುದು. ಮನೆ ಕೊಳ್ಳುವ ಕರಾರಿನ ಗಡುವು ಹಾಕುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಭದ್ರತೆಗೆ ಅಡಮಾನದ ಬದಲು ಮನೆ ಸಾಲಗಳಿಗೆ ಜಾಮೀನು ನಿಲ್ಲುವ ಕ್ರೆಡಿ ಲೊಜ್‌ಮಾಂ ಸಂಸ್ಥೆಯ ಜಾಮೀನು ಸಿಗುತ್ತದೆಯೇ ಎಂದು ಕೇಳಿ. ಎಲ್‌ಸಿಎಲ್ ಅದರ ಪಾಲುದಾರರಲ್ಲೊಂದು. ಜಾಮೀನಿಗೆ ಕಟ್ಟಿದ್ದರಲ್ಲಿ ಒಂದು ಭಾಗ ಸಾಲ ತೀರಿದ ಮೇಲೆ ವಾಪಸು ಬರಬಹುದು, ಅಡಮಾನ ಬಿಡಿಸುವ ಖರ್ಚೂ ಉಳಿಯುತ್ತದೆ. ಅವಧಿಗೆ ಮುನ್ನ ತೀರಿಸಿದರೆ ದಂಡ ಆರು ತಿಂಗಳ ಬಡ್ಡಿಯನ್ನಾಗಲಿ, ಉಳಿದ ಅಸಲಿನ 3 ಶೇಕಡಾವನ್ನಾಗಲಿ ಮೀರುವಂತಿಲ್ಲ. ಸಾಲದ ಜೊತೆ ಬ್ಯಾಂಕು ಮಾರುವ ವಿಮೆಯನ್ನು 2022ರ ಕಾನೂನಿನ ಪ್ರಕಾರ ಯಾವಾಗ ಬೇಕಾದರೂ ಬದಲಿಸಬಹುದು.

ಬ್ಯಾಂಕು ಬಿಡುವುದೂ ಕಷ್ಟವಲ್ಲ. 2017ರ ಫೆಬ್ರವರಿ 6ರಿಂದ ಹೊಸ ಬ್ಯಾಂಕಿಗೆ ಒಂದು ಸಹಿ ಹಾಕಿದರೆ ಸಂಬಳ, ವಿದ್ಯುತ್, ಬಾಡಿಗೆ ಎಲ್ಲದರ ವರ್ಗಾವಣೆ 22 ಕೆಲಸದ ದಿನಗಳಲ್ಲಿ ಮುಗಿಯಬೇಕು. ಹಳೆಯ ಬ್ಯಾಂಕು ಹಿಂದಿನ 13 ತಿಂಗಳ ವ್ಯವಹಾರ ನೋಡಿ ಪಟ್ಟಿ ಕೊಡುತ್ತದೆ. ಆದರೆ ಚೆಕ್ಕುಗಳು ಈ ವ್ಯವಸ್ಥೆಯಲ್ಲಿ ಬರುವುದಿಲ್ಲ. ಫ್ರಾನ್ಸಿನ ಚೆಕ್ ಒಂದು ವರ್ಷ ಎಂಟು ದಿನ ಚಲಾವಣೆಯಲ್ಲಿರುತ್ತದೆ. ಕೊಟ್ಟು ಮರೆತ ಚೆಕ್ ಹಣವಿಲ್ಲದೆ ವಾಪಸಾಗಿ ಅದನ್ನು ಸರಿಪಡಿಸದಿದ್ದರೆ ಐದು ವರ್ಷ ಯಾವ ಬ್ಯಾಂಕಿನ ಚೆಕ್ಕನ್ನೂ ಬರೆಯುವಂತಿಲ್ಲ. ಆದ್ದರಿಂದ ಕೊನೆಯ ಚೆಕ್ ನಗದಾಗುವವರೆಗೆ ಹಳೆಯ ಖಾತೆಯಲ್ಲಿ ಹಣ ಬಿಡಿ. 'ಲಿವ್ರೆ ಆ' ಉಳಿತಾಯ ಪುಸ್ತಕವನ್ನೂ ಸಾಗಿಸಲಾಗದು, ಮುಚ್ಚಿ ಹೊಸದಾಗಿ ತೆರೆಯಬೇಕು, ಒಬ್ಬರಿಗೆ ಒಂದೇ.

ಠೇವಣಿಯ ಖಾತರಿ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, 1,00,000 ಯುರೋ. ಮಿತಿ ಎಣಿಸುವುದು ಪರವಾನಗಿಯ ಲೆಕ್ಕದಲ್ಲಿ, ಗುಂಪಿನ ಲೆಕ್ಕದಲ್ಲಲ್ಲ. ಎಲ್‌ಸಿಎಲ್‌ಗೆ ತನ್ನದೇ ಪರವಾನಗಿ ಇರುವುದರಿಂದ, ಇಲ್ಲೊಂದು ಖಾತೆ, ಕ್ರೆಡಿ ಅಗ್ರಿಕೋಲ್‌ನ ಪ್ರಾದೇಶಿಕ ಬ್ಯಾಂಕಿನಲ್ಲೊಂದು ಖಾತೆ ಇಟ್ಟವರಿಗೆ ಎರಡೂ ಕಡೆ ಬೇರೆ ಬೇರೆ ಖಾತರಿ ಇರುತ್ತದೆ. 'ಲಿವ್ರೆ ಆ'ದಲ್ಲಿರುವ ಹಣ ಇವೆರಡಕ್ಕೂ ಸೇರುವುದಿಲ್ಲ, ಅದಕ್ಕೆ ಸರ್ಕಾರದ್ದೇ ಪ್ರತ್ಯೇಕ ಖಾತರಿ.